ಕೋವಿಯ ಪಾಲು

ನಾನು ಮದುವೆಯಾಗಿ ಹುಣಸಮಾರನಹಳ್ಳಿ ಕಡೆಯ ನಮ್ಮ ಮಾವನ ಮನೆಗೆ ಬಂದದ್ದು 2008ರಲ್ಲಿ, ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ. ಗಂಗಾನಗರದಲ್ಲಿ ಹುಟ್ಟಿ ಬೆಳೆದವಳಿಗೆ ಹೆಬ್ಬಾಳದ ಕೆರೆ ದಾಟಿದರೆ ಅದು ಊರಾಚೆ. ಬಂದ ಮೊದಲ ವಾರವೇ ನಡುಮನೆಯ ಗೂಡಿನಲ್ಲಿ ಒಂದು ಹಳೆಯ ಪೌಡರ್ ಡಬ್ಬಿ ಕಣ್ಣಿಗೆ ಬಿತ್ತು. ಮುಖಕ್ಕೆ ಹಚ್ಚಿಕೊಳ್ಳೋಣವೆಂದು ಅಂಗೈಗೆ ತಟ್ಟಿದೆ. ಬಿಳಿ ಪುಡಿಯ ಬದಲು ಸಾಸಿವೆಗಿಂತ ಸಣ್ಣ ಕರೀ ಕಾಳು ಉದುರಿದವು. ಇದೇನು ಎಂದು ಕೇಳಲು ಅಂಗೈ ಚಾಚಿಕೊಂಡೇ ಅಡುಗೆಮನೆಗೆ ಹೊರಟೆ. ಒಲೆಯ ಮುಂದೆ ಕೂತಿದ್ದ ಅತ್ತೆ ಕಿರುಚಿಕೊಂಡು ಎದ್ದರು.

"ಅಯ್ಯಯ್ಯೋ, ಒಲೆ ಹತ್ರ ಬರ್ಬೇಡ ಕಣಮ್ಮ! ಅದು ನಿಮ್ಮಾವನ ಕೋವಿ ಮದ್ದು!"

ಹಾಗೆ ನನಗೂ ಆ ಕೋವಿಗೂ ಪರಿಚಯವಾಯಿತು. ಟಿ.ವಿ.ಯ ಮೇಲ್ಗಡೆ ಗೋಡೆಯಲ್ಲಿ, ಎರಡು ಮರದ ಗೂಟಗಳ ಮೇಲೆ ಅದು ಹಾಯಾಗಿ ಮಲಗಿತ್ತು. ಮಾವನ ತಾತನ ಕಾಲದ್ದು. ನೆಟ್ಟಗೆ ನಿಲ್ಲಿಸಿದರೆ ನನ್ನ ಕಿವಿಯವರೆಗೆ ಬರುವಷ್ಟು ಉದ್ದ. ತೋಟಾ ಹಾಕಿ ಹೊಡೆಯುವ ಬಂದೂಕಲ್ಲ, ಬಾಯಿಯಿಂದಲೇ ತುಂಬಬೇಕಾದ ಕೋವಿ. ಮೊದಲು ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆ ತುರುಕಿ, ಗಜ ಅನ್ನುವ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಅದನ್ನು ಜಡಿಯಬೇಕು. ಆಮೇಲೆ ಚರೆ ಅನ್ನುವ ಸೀಸದ ಸಣ್ಣ ಗುಂಡುಗಳು, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಭಾಗದಲ್ಲಿ ಒಂದು ಪುಟ್ಟ ಕೇಪು ಸಿಕ್ಕಿಸಿದರೆ ಕೋವಿ ತಯಾರು. ಕುದುರೆ ಅನ್ನುವ ಕೊಕ್ಕೆ ಬಡಿದಾಗ ಕೇಪು ಸಿಡಿದು ಒಳಗಿನ ಮದ್ದಿಗೆ ಬೆಂಕಿ ಹತ್ತುತ್ತದೆ. ಇಷ್ಟೆಲ್ಲ ಆಗುವವರೆಗೆ ಕಾಡುಹಂದಿ ಕಾದು ನಿಂತಿರುತ್ತದಾ ಎಂದು ನಾನು ಕೇಳಿದ್ದಕ್ಕೆ ಮಾವ ಹೊಟ್ಟೆ ಕುಲುಕಿಸಿ ನಕ್ಕರು.

"ಅದಕ್ಕೇ ಮೊದಲ್ನೇ ಏಟ್ಗೇ ಬೀಳುಸ್ಬೇಕು ಕಣಮ್ಮ."

ಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು. ಬೆಳೆ ಮಾತ್ರ ಇರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆಗಲೇ ಬಾಡಿಗೆ ಮನೆಗಳು ಎದ್ದಿದ್ದವು. ಆದರೂ ಮಾವ ತಪ್ಪದೆ ಹೋಗಿ ಲೈಸೆನ್ಸ್ ಹೊಸದು ಮಾಡಿಸಿಕೊಂಡು ಬರುತ್ತಿದ್ದರು. ತಿಂಗಳಿಗೊಮ್ಮೆ ಕೋವಿಯನ್ನು ಇಳಿಸಿ, ಪಂಚೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಅಷ್ಟು ಮುತುವರ್ಜಿಯಿಂದ ಎಣ್ಣೆ ಹಚ್ಚಿರಲಾರರು.

ಮಾವನ ಬೇಟೆಯೆಲ್ಲ ನಡೆದದ್ದು ನಮ್ಮೂರಿನಲ್ಲಲ್ಲ, ಪಾವಗಡದಾಚೆ, ಆಂಧ್ರದ ಗಡಿಯ ಕಲ್ಲುಗುಡ್ಡಗಳಲ್ಲಿ. ಬಸ್ಸು ನಿಲ್ಲುವ ಊರಿನಿಂದ ಇಳಿದು, ಕೋವಿ ಹೆಗಲಿಗೆ ಹಾಕಿಕೊಂಡು, ಬಂಡೆಗಳ ಸಂದಿಯಲ್ಲಿ ಅರ್ಧ ದಿನ ನಡೆದರೆ ಸಿಗುವ ಹಟ್ಟಿಗಳವು. ಪ್ರಾಯದಲ್ಲಿ ಹಾಗೆ ಮೊಲದ ಬೇಟೆಗೆ ಹೋದಾಗಲೇ ಅವರು ಅತ್ತೆಯನ್ನು ನೋಡಿದ್ದು. "ಮೊಲ ಹೊಡ್ಯಕ್ ಬಂದು ನನ್ನ ಹೊಡ್ಕೊಂಡ್ ಹೋದ್ರು" ಎಂದು ಅತ್ತೆ ಈಗಲೂ ರೇಗಿಸುತ್ತಾರೆ. ಮಾವ ಸುಮ್ಮನಿರುವ ಜನವಲ್ಲ. "ಅವತ್ತು ಗುರಿ ತಪ್ಪಿತ್ತು" ಎನ್ನುತ್ತಾರೆ.

ಬೇಟೆಯಲ್ಲಿ ಪಾಲು ಹಂಚುವ ಕ್ರಮವನ್ನು ಅವರ ಬಾಯಲ್ಲೇ ಕೇಳಬೇಕು. ಹೋದ ಪ್ರತಿಯೊಬ್ಬನಿಗೂ ಒಂದು ಪಾಲು. ನಾಯಿಗೊಂದು ಪಾಲು. ಕೋವಿಗೂ ಒಂದು ಪಾಲು. ಕೋವಿಯ ಪಾಲು ಕೋವಿಯಿರುವ ಮನೆಗೆ ಹೋಗುತ್ತದೆ, ನಿಜ. ಆದರೆ ಆ ಮನೆಯವರೇ ಬಾಗಿಲು ಹಾಕಿಕೊಂಡು ತಿನ್ನುವಂತಿಲ್ಲ. ಅದನ್ನು ಬೇಯಿಸಿ, ಮನೆ ಮುಂದೆ ಎಲೆ ಹಾಕಿ, ಊರಲ್ಲಿ ಯಾರಿಗೆ ಪಾಲಿಲ್ಲವೋ ಅವರನ್ನೆಲ್ಲ ಕೂರಿಸಿ ಬಡಿಸಬೇಕು.

ಬೇಟೆ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಈಗ ಕಾನೂನೂ ಬಿಡುವುದಿಲ್ಲ. ಉಳಿದದ್ದು ಯುಗಾದಿಯ ಮಾರನೆಯ ದಿನದ ಹೊಸತೊಡಕು. ಅವತ್ತು ನಮ್ಮ ಕಡೆ ಬಾಡೂಟವಿಲ್ಲದ ಮನೆಯೇ ಇಲ್ಲ. ನೆಂಟರಿಷ್ಟರ ಮನೆಗಳೆಲ್ಲ ಸೇರಿ ಕುರಿಗಳನ್ನು ತಂದು, ಕೊಯ್ದು, ತೆಂಗಿನ ಗರಿಯ ಮೇಲೆ ಮಾಂಸವನ್ನು ಸಮ ಸಮ ಗುಡ್ಡೆ ಹಾಕಿ, ಮನೆಗೊಂದು ಗುಡ್ಡೆ ಒಯ್ಯುತ್ತಾರೆ. ಮದುವೆಯಾದ ಮೊದಲ ವರ್ಷ ಹಬ್ಬಕ್ಕೆ ತವರಿಗೆ ಹೋಗಿದ್ದೆ. ಎರಡನೆಯ ವರ್ಷ ನೋಡಿದರೆ, ಎಲ್ಲ ಮನೆಗಳ ಗುಡ್ಡೆಯ ಪಕ್ಕದಲ್ಲಿ ಇನ್ನೊಂದು ಗುಡ್ಡೆ. ಅದರ ಹಿಂದೆ ಗೋಡೆಗೆ ಒರಗಿಸಿದ ಕೋವಿ. ಕೋವಿಯ ಮೂತಿಗೆ ಕುಂಕುಮ, ಒಂದು ಎಳೆ ಮಲ್ಲಿಗೆ.

"ಕುರಿ ಸಂತೆಯಿಂದ ತಂದಿದ್ದಲ್ವಾ? ಕೋವಿ ಏನ್ ಮಾಡ್ತು?" ಎಂದು ಅತ್ತೆಯ ಕಿವಿಯಲ್ಲಿ ಕೇಳಿದೆ.

"ಶ್! ಪಾಲುದಾರ್ರು ಎದುರ್ಗೇ ಅವ್ರೆ" ಎಂದರು ಅತ್ತೆ, ಕೋವಿಯ ಕಡೆ ಕಣ್ಣು ಹೊರಳಿಸಿ.

ಆವತ್ತಿನ ಊಟ ನಾನು ಮರೆಯುವಂಥದ್ದಲ್ಲ. ನಮ್ಮ ಮನೆಯ ಮುಂದೆ ಚಪ್ಪರದ ಕೆಳಗೆ ಎಲೆ ಹಾಕಿದ್ದರು. ಬಾಡಿಗೆ ಮನೆಗಳಲ್ಲಿದ್ದ ರಾಯಚೂರು ಕಡೆಯ ಗಾರೆ ಕೆಲಸದವರು, ಮುಖ್ಯರಸ್ತೆಯ ಪಂಚರ್ ಅಂಗಡಿಯವನು, ನೇಪಾಳದ ವಾಚ್‌ಮನ್ ಮತ್ತು ಅವನ ಹೆಂಡತಿ, ಬೆಳಗ್ಗೆ ಹೂ ಮಾರುವ ಅಜ್ಜಿ, ಎಲ್ಲರೂ ಸಾಲಾಗಿ ಕೂತರು. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಮಾವ ಎಲೆಯಿಂದ ಎಲೆಗೆ ಬಗ್ಗುತ್ತಾ, "ಇದು ಕೋವಿ ಪಾಲು, ಸಂಕೋಚ ಬ್ಯಾಡ, ತಿನ್ರಪ್ಪ" ಎಂದು ಸೌಟು ತುಂಬಾ ಬಡಿಸುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ. ಅದು ನನ್ನದೂ ಮದುವೆಯಾದ್ದರಿಂದ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ತಕರಾರು ಹುಟ್ಟಿದ್ದು 2014ರಲ್ಲಿ. ಅದು ಲೋಕಸಭೆ ಚುನಾವಣೆಯ ವರ್ಷ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಯುಗಾದಿಗೆ ಮುಂಚೆಯೇ ಮಾವ ಕೋವಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಬಿಟ್ಟು ಬರುವವರ ಮುಖ ಹೊತ್ತು, ಸ್ಟೇಷನ್ನಿಗೆ ಕೊಟ್ಟು ಬಂದಿದ್ದರು. ಹೊಸತೊಡಕಿನ ದಿನ ಗೋಡೆಗೆ ಒರಗಿಸಲು ಕೋವಿ ಇರಲಿಲ್ಲ. ಆದರೂ ಒಂದು ಗುಡ್ಡೆ ಹೆಚ್ಚಿಗೆ ಹಾಕಲು ಹೇಳಿದರು.

ಆಗ ಬಾಯಿ ತೆರೆದವರು ಭಾವ. ಭಾವ ಎಂದರೆ ನನ್ನ ಮಾವನ ಅಣ್ಣನ ಮಗ, ನನ್ನ ಗಂಡನಿಗೆ ಅಣ್ಣನಾಗಬೇಕು. ತಂದೆ ತೀರಿದ ಮೇಲೆ ಆ ವರ್ಷವಷ್ಟೇ ಹೊಸತೊಡಕಿನ ಉಸ್ತುವಾರಿ ಅವರ ಕೈಗೆ ಬಂದಿತ್ತು. ಮನೆ ಕಟ್ಟಿಸಿ ಮಾರುವ ವ್ಯವಹಾರ, ಬಿಳಿ ಕಾರು, ಕಿವಿಯಿಂದ ಇಳಿಯದ ಫೋನು. ಕೆಟ್ಟ ಮನುಷ್ಯರಲ್ಲ. ಆದರೆ ಎಲ್ಲದಕ್ಕೂ ಲೆಕ್ಕ ಕೇಳುವ ಚಾಳಿ, ಅದೂ ಹತ್ತು ಜನರ ಎದುರು.

"ಚಿಕ್ಕಪ್ಪ, ಲಾಜಿಕ್ಕೇ ಇಲ್ವಲ್ಲ ಇದ್ರಲ್ಲಿ. ಬೇಟೆ ಇಲ್ಲ. ಕುರಿ ದುಡ್ ಕೊಟ್ ತಂದಿದ್ದು. ಈಗ ಕೋವೀನೂ ಇಲ್ಲ, ಸ್ಟೇಷನ್ನಲ್ಲೈತೆ. ಸ್ಟೇಷನ್ನಲ್ಲಿರೋದಕ್ಕೆ ಯಾವ್ ಪಾಲು?"

"ಮಗ ದುಬೈಲಿದ್ರೆ ಆಸ್ತೀಲಿ ಪಾಲಿಲ್ವೇನಲಾ?" ಎಂದರು ಮಾವ.

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಆ ವರ್ಷ ಗುಡ್ಡೆ ಹಾಕಿದ್ದಾಯಿತು, ಆದರೆ ಮುಂದಕ್ಕೆ ಒಂದು ಷರತ್ತೂ ಹಾಕಿದರು. ಮುಂದಿನ ಹೊಸತೊಡಕಿನೊಳಗೆ ಆ ಕೋವಿ ಒಂದಾದರೂ ಬೇಟೆ ಹೊಡೆದು ತೋರಿಸಬೇಕು. ಇಲ್ಲದಿದ್ದರೆ ಕೋವಿಯ ಪಾಲು ಅವತ್ತಿಗೇ ಮುಗಿಯಿತು. ಉಳಿದ ಮನೆಗಳವರು ತಲೆಯಾಡಿಸಿದರು. ಒಂದು ಗುಡ್ಡೆ ಕಡಿಮೆಯಾದರೆ ತಮ್ಮ ತಮ್ಮ ಗುಡ್ಡೆ ಸ್ವಲ್ಪ ದಪ್ಪವಾಗುತ್ತದೆ ಎಂಬುದು ಯಾರಿಗೂ ಹೊಳೆಯದ ವಿಷಯವಲ್ಲ. ಮಾವ ಮೀಸೆ ತಿರುವಿ "ಆಯ್ತು ಬಿಡು" ಎಂದುಬಿಟ್ಟರು.

ಮನೆಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ. "ಯಾಕ್ ಮಾವ ಒಪ್ಕೊಂಡ್ರಿ? ಅವರ ಗುಡ್ಡೆ ಅವರೇ ಇಟ್ಕೊಳ್ಲಿ. ನಾವೇ ಮಟನ್ ತಂದು ಅಷ್ಟೂ ಜನಕ್ಕೆ ಊಟ ಹಾಕೋಣ."

ಮಾವ ಗೋಡೆಯ ಖಾಲಿ ಗೂಟಗಳ ಕಡೆ ನೋಡಿದರು.

"ನಾನ್ ತಂದು ಆಕಿದ್ರೆ ಅದು ನನ್ ದಾನ ಕಣಮ್ಮ. ತಿನ್ನೋರು ತಲೆ ತಗ್ಗಿಸ್ಕೊಂಡ್ ತಿಂತಾರೆ. ಪಾಲು ಅಂದ್ರೆ ಅವ್ರದ್ದೂ ಅಕ್ಕು. ಊರ್ನೋರೆಲ್ಲ ಸೇರಿ ಎತ್ತಿಟ್ಟಿದ್ದು ಅಂತ ತಲೆ ಎತ್ತಿ ತಿಂತಾರೆ. ಅದೋದ್ರೆ ಓಯ್ತು."

ನನಗೆ ಭಾವನ ಮೇಲೆ ಮೈಯೆಲ್ಲ ಉರಿಯಿತು.

ಅವಕಾಶ ತಾನಾಗಿ ಬಂತು. ಮರುವರ್ಷ, ಚಳಿ ಕಡಿಮೆಯಾಗುವ ಹೊತ್ತಿಗೆ, ಪಾವಗಡದಾಚೆಯಿಂದ ಅತ್ತೆಯ ಅಕ್ಕನ ಫೋನು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತೇನೆ. ಗಂಡ ಸತ್ತ ಮೇಲೂ ಒಬ್ಬರೇ ಗುಡ್ಡದ ಬುಡದ ಹೊಲ ಮಾಡಿಸಿಕೊಂಡಿದ್ದ ಗಟ್ಟಿ ಹೆಂಗಸು. ಬಿತ್ತಿದ ಕಡಲೆಕಾಯಿ ಬೀಜವನ್ನೆಲ್ಲ ಹಂದಿಗಳು ಸಾಲು ಹಿಡಿದು ಬಗೆಯುತ್ತಿವೆಯಂತೆ. "ಆ ಕೋವಿ ಮಡಿಕ್ಕಂಡು ಪೂಜೆ ಮಾಡ್ತಾ ಕುಂತವ್ನೋ ಎಂಗೆ? ಕಳ್ಸು ನಿನ್ ಗಂಡನ್ನ" ಎಂದು ಅತ್ತೆಯನ್ನು ಬೈದರಂತೆ. ಬೆಳೆಗೆ ನುಗ್ಗುವ ಹಂದಿಗೆ ಗುಂಡು ಹಾಕಲು ಅನುಮತಿಯಾಗಿದೆ ಎಂದೂ ಹೇಳಿದರು. ಅನುಮತಿ ಕಾಗದದ ಮೇಲಿತ್ತೋ ಬಾಯಿಮಾತಿನಲ್ಲಿತ್ತೋ, ನಾನು ಕೆದಕಲು ಹೋಗಲಿಲ್ಲ.

ಹೊರಟವರು ನಾವು ನಾಲ್ವರು: ಮಾವ, ಅತ್ತೆ, ನಾನು, ಮತ್ತೆ ಭಾವ. ಷರತ್ತು ಹಾಕಿದವನೇ ಕಣ್ಣಾರೆ ನೋಡಬೇಕು ಎಂದು ಮಾವ ಹಟ ಹಿಡಿದು ಅವರನ್ನೂ ಅವರ ಬಿಳಿ ಕಾರನ್ನೂ ಹೊರಡಿಸಿದರು. ನನ್ನ ಗಂಡನಿಗೆ ರಜೆಯಿರಲಿಲ್ಲ. ನಾನು ಹೋದದ್ದಕ್ಕೆ ಬೇರೆ ಕಾರಣವಿತ್ತು. ಹೆಬ್ಬಾಳದ ಒಂದು ಕಣ್ಣಾಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಮಾವನ ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದು ನಾನೇ ಹೇಳಿದ್ದೆ.

"ಮಾವ, ನನ್ ಚಾರ್ಟಲ್ಲಿ ದೊಡ್ಡಕ್ಷರಾನೇ ನೀವು ಸರಿಯಾಗಿ ಓದಿಲ್ಲ. ಸಂಜೆ ಹೊತ್ತು ಹಂದಿ ಹೇಗೆ ಕಾಣುತ್ತೆ?"

"ಅಂದಿ ಏನು ಅಕ್ಷರವೇನಮ್ಮ, ಓದಕ್ಕೆ?"

ಇಂಥವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಮತ್ತು ಅತ್ತೆಯ ಕಾಲಬಳಿ ಬೆಡ್‌ಶೀಟು ಸುತ್ತಿದ ಕೋವಿ ಮಲಗಿತ್ತು. ಅದನ್ನು ದಾಟಿದರೆ ಗುರಿ ಕೆಡುತ್ತದೆಯೆಂದು ಮಾವನ ಅಪ್ಪಣೆಯಾಗಿತ್ತು. ಟೀ ಕುಡಿಯಲು ನಿಲ್ಲಿಸಿದಾಗಲೆಲ್ಲ ನಾವಿಬ್ಬರೂ ಕಾಲು ಮೇಲೆತ್ತಿಕೊಂಡು, ಸೀಟಿನ ಮೇಲೇ ಜಾರಿ ಇಳಿಯುವಷ್ಟರಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

ಗುಡ್ಡದ ಬುಡ ತಲುಪಿದಾಗ ಮಧ್ಯಾಹ್ನ. ಕಾರು ಒಂದು ಹಂತದವರೆಗೆ ಬಂತು, ಮುಂದೆ ನಡಿಗೆ. ಕಾಲುದಾರಿಗೆ ಬಿದ್ದ ಕೂಡಲೇ ಮಾವನಿಗೆ ಎಲ್ಲಿಂದಲೋ ವಯಸ್ಸು ಇಳಿದುಹೋಯಿತು. ಕೋವಿ ಹೆಗಲ ಮೇಲೇರಿತು. ಈ ಬಂಡೆಯ ಹಿಂದೆ ಮೊಲ ಹೊಡೆದದ್ದು, ಈ ಹಳ್ಳದಲ್ಲಿ ಜಾರಿ ಬಿದ್ದದ್ದು, ಈ ಮರದಡಿ ಅತ್ತೆ ನೀರು ಕೊಟ್ಟದ್ದು, ಎಲ್ಲವನ್ನೂ ತೋರಿಸುತ್ತಾ ನಮಗಿಂತ ಮುಂದೆ ನಡೆದರು. "ನೀರ್ ಕೊಟ್ಟಿದ್ದು ನಾನಲ್ಲ, ನಮ್ಮಕ್ಕ" ಎಂದರು ಅತ್ತೆ ಏದುಸಿರು ಬಿಡುತ್ತಾ. ಭಾವನ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಮೊದಲು ಎತ್ತರದ ಬಂಡೆ ಹತ್ತಿ ಕೈಯೆತ್ತಿ ನೋಡಿದರು. ಕೊನೆಗೆ ಸೋತು ಜೇಬಿಗೆ ಹಾಕಿದರು. ಅವರ ಕೈ ಎರಡೂ ಖಾಲಿಯಿರುವುದನ್ನು ಮೊದಲ ಸಲ ನೋಡಿದೆ.

ದೊಡ್ಡತ್ತೆ ಅವರೆಕಾಳು ಸಾರು, ಬಿಸಿ ಮುದ್ದೆ ಇಟ್ಟುಕೊಂಡು ಕಾದಿದ್ದರು. ಉಂಡು, ಬಿಸಿಲು ಇಳಿಯುವ ಹೊತ್ತಿಗೆ ಹೊಲದ ಬದುವಿನ ಮೇಲೆ, ಒಂದು ಹುಣಸೆ ಮರದ ಬುಡದಲ್ಲಿ ಕೂತೆವು. ಹೆಂಗಸರು ಬೇಟೆಗೆ ಬರಬಾರದು ಎಂದು ಮಾವ ಗೊಣಗಿದರು. "ಒಲ ನಂದು, ಅಂದಿ ತಿಂದಿದ್ದು ನನ್ ಬೀಜ. ನಾನ್ ಬರ್ತೀನಿ" ಎಂದು ದೊಡ್ಡತ್ತೆ ಬಂದು ಕೂತೇಬಿಟ್ಟರು. ಅವರ ಬೆನ್ನಿಗೆ ನಾನೂ ನುಸುಳಿದೆ. ಅತ್ತೆ ಮಾತ್ರ ಕಾಲು ನೋವೆಂದು ಮನೆಯಲ್ಲೇ ಉಳಿದರು. ಹೊಲದ ನಡುವೆ ಬೆದರುಬೊಂಬೆಯೊಂದು ಕೈ ಚಾಚಿ ನಿಂತಿತ್ತು. ತಲೆಗೆ ಮಡಕೆ, ಮೈಗೆ ಮಾಸಿದ ಗೆರೆ ಗೆರೆಯ ಅಂಗಿ.

"ನಮ್ಮನೆಯೋರ್ದು ಅಂಗಿ" ಎಂದರು ದೊಡ್ಡತ್ತೆ. "ಬದುಕಿದ್ದಾಗ ಒಂದಿನಾನೂ ಒಲ ಕಾಯ್ಲಿಲ್ಲ. ಈಗ ಕಾಯ್ಲಿ ಅಂತ ನಿಲ್ಸಿವ್ನಿ."

ಮಾವ ಕೋವಿ ತುಂಬುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಅವಸರವೇ ಇಲ್ಲ. ಮದ್ದು ಸುರಿದು, ನಳಿಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಕೆಳಗಿಳಿಸಿದರು. ನಾರು ತುರುಕಿ ಗಜ ಇಳಿಬಿಟ್ಟು ಜಡಿದರು. ಮೊದಮೊದಲು ಮೆತ್ತಗೆ ಕೇಳುತ್ತಿದ್ದ ಸದ್ದು ಬರಬರುತ್ತಾ ಗಟ್ಟಿಯಾಯಿತು. ಕೊನೆಗೆ ಗಜ ತಾನೇ ಚಿಮ್ಮಿ ಮೇಲೆ ಬಂತು. "ಗಜ ಇಂಗೆ ಕುಣಿದ್ರೆ ಒಳಗೆ ಬಿಗಿಯಾಯ್ತು ಅಂತ" ಎಂದರು. ಭಾವ ಮೂಗು ಮುರಿದುಕೊಂಡೇ ಕೂತಿದ್ದವರು, ಗಜ ಕುಣಿದಾಗ ಮಾತ್ರ ಕುತ್ತಿಗೆ ಚಾಚಿ ನೋಡಿದರು.

ಸೂರ್ಯ ಗುಡ್ಡದ ಹಿಂದೆ ಸರಿದದ್ದೇ ತಡ, ಕಳ್ಳಿ ಪೊದೆಯಿಂದ ಹಂದಿಗಳು ಇಳಿದವು. ದೊಡ್ಡದೊಂದು ಮುಂದೆ, ಹಿಂದೆ ಒಂದಿಷ್ಟು. ಮಾವ ಮೊಣಕಾಲೂರಿ, ಕುದುರೆ ಹಿಂದಕ್ಕೆಳೆದು, ಟ್ರಿಗರ್ ಒತ್ತಿದರು. ಕಿವಿ ಗುಂಯ್‌ಗುಟ್ಟಿತು. ನಮ್ಮೆದುರು ಬಿಳಿ ಹೊಗೆಯ ಗೋಡೆಯೇ ಎದ್ದು, ಹೊಲವೂ ಇಲ್ಲ, ಹಂದಿಯೂ ಇಲ್ಲ. ಹೊಗೆ ಸರಿದಾಗ ಹಂದಿಗಳು ನಿಜವಾಗಿಯೂ ಇರಲಿಲ್ಲ. ಹೆದರಿ ಓಡಿದ್ದವು. ಒಂದೂ ಬಿದ್ದಿರಲಿಲ್ಲ.

ಮಾವನ ಮುಖ ಬಾಡಲಿಲ್ಲ. ಆಶ್ಚರ್ಯವೆಂದರೆ ಭಾವನ ಮುಖವೂ ಅರಳಿಬಿಟ್ಟಿತ್ತು. ಗೆದ್ದೆನೆಂಬ ಖುಷಿಯಲ್ಲ ಅದು. ಪಟಾಕಿ ಹೊಡೆದ ಮೇಲೆ ಮಕ್ಕಳಿಗೆ ಬರುತ್ತದಲ್ಲ, ಆ ಖುಷಿ. ಲೆಕ್ಕ, ಲಾಜಿಕ್ಕು ಎಲ್ಲ ಮರೆತು ಎದ್ದು ನಿಂತಿದ್ದರು.

"ಚಿಕ್ಕಪ್ಪ, ಏನ್ ಸೌಂಡ್ ಗುರೂ ಇದು! ಕೊಡಿ ಇಲ್ಲಿ, ಈ ಸಲ ನಾನ್ ತುಂಬ್ತೀನಿ."

ಚಿಕ್ಕಪ್ಪನನ್ನು ಗುರು ಎಂದದ್ದು ಅವರಿಗೇ ಗೊತ್ತಾಗಲಿಲ್ಲ. ಮಾವ ಹೇಳಿಕೊಟ್ಟಂತೆ ಮದ್ದು ಸುರಿದರು, ನಾರು ತುರುಕಿದರು, ಚರೆ ಹಾಕಿದರು, ನಾಲಿಗೆ ಹೊರಗೆ ಚಾಚಿಕೊಂಡು ಗಜದಿಂದ ಜಡಿದರು. ಗಜ ಕುಣಿಯಿತು. "ಕುಣೀತು! ನೋಡಮ್ಮ, ಕುಣೀತು!" ಎಂದು ನನ್ನ ಕಡೆ ತಿರುಗಿ ಕೂಗಿದರು. ಮಾವ ಕೇಪು ಸಿಕ್ಕಿಸಿದರು. ಅಷ್ಟರಲ್ಲೇ ದೊಡ್ಡತ್ತೆ ನನ್ನ ತೊಡೆ ಚಿವುಟಿ ಪಕ್ಕದ ಸಾಲಿನ ಕಡೆ ಬೆರಳು ತೋರಿಸಿದರು. ಮುಂಚಿನ ದೊಡ್ಡ ಹಂದಿಯೇ, ಒಂಟಿಯಾಗಿ ಮರಳಿ ಬಂದು, ನಾವು ಇದ್ದೇವೆಂಬ ಪರಿವೆಯಿಲ್ಲದೆ ಬೀಜ ಬಗೆಯುತ್ತಿತ್ತು. ಅಷ್ಟು ಹತ್ತಿರದ ಹಂದಿಯನ್ನು ಪೊರೆ ಬಂದ ಕಣ್ಣಿಗೂ ತಪ್ಪಿಸಲಾಗುತ್ತಿರಲಿಲ್ಲ. ಮಾವ ಭಾವನ ಕೈಯಿಂದ ಕೋವಿ ತೆಗೆದುಕೊಂಡು, ಭುಜಕ್ಕಿಟ್ಟು, ಒತ್ತಿದರು.

ಸದ್ದಿನ ಜೊತೆ ಈ ಸಲ ಇನ್ನೊಂದು ಸದ್ದೂ ಬಂತು. ಏನೋ ಉದ್ದನೆಯದು ಗಾಳಿ ಸೀಳಿಕೊಂಡು ಹೋದ ಸದ್ದು. ಹೊಗೆ ಸರಿದಾಗ ಹಂದಿ ಅಲ್ಲೇ ನಿಂತಿತ್ತು. ನಮ್ಮನ್ನು ನೋಡಿತು. ಆಮೇಲೆ, ಯಾವ ಗಡಿಬಿಡಿಯೂ ಇಲ್ಲದೆ, ಕಳ್ಳಿ ಪೊದೆಯೊಳಕ್ಕೆ ನಡೆದುಹೋಯಿತು. ಬೆದರುಬೊಂಬೆ ಮಾತ್ರ ಅಂಗಾತ ಬಿದ್ದಿತ್ತು. ಹೋಗಿ ನೋಡಿದರೆ ಗೆರೆಯಂಗಿಯ ಎದೆಯಲ್ಲಿ ನಮ್ಮ ಕಬ್ಬಿಣದ ಗಜ ನೆಟ್ಟಗೆ ನಾಟಿಕೊಂಡಿದೆ.

ಜಡಿದಾದ ಮೇಲೆ ಗಜವನ್ನು ನಳಿಗೆಯಿಂದ ಹೊರಗೆ ತೆಗೆದಿರಲಿಲ್ಲ. ಕೋವಿ ಗಜವನ್ನೇ ಹೊಡೆದಿತ್ತು. ನಳಿಗೆ ಸಿಡಿಯದೆ ಉಳಿದದ್ದು ನಮ್ಮ ಪುಣ್ಯ. ಅದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣದಲ್ಲಿ ದೊಡ್ಡತ್ತೆ ಸೊಂಟದ ಮೇಲೆ ಕೈಯಿಟ್ಟು ಬೊಂಬೆಯನ್ನೇ ನೋಡುತ್ತಾ ನಿಂತಿದ್ದರು.

"ಸತ್ತೋನ್ನ ಇನ್ನೊಂದ್ ಸಲ ಸಾಯ್ಸುದ್ಯಲ್ಲಪ್ಪಾ!"

ಹೇಳಿದವರೇ ಮೊದಲು ನಕ್ಕರು. ನಗುತ್ತಾ ನಗುತ್ತಾ ಬದುವಿನ ಮೇಲೆ ಕೂತುಬಿಟ್ಟರು. ನನಗೆ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಮಾವ ಕೂಡ ಕೋವಿ ಊರಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾವ ಒಬ್ಬರು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು.

ಸದ್ದು ಕೇಳಿ ಹಟ್ಟಿಯವರೂ ಅತ್ತೆಯೂ ಓಡಿಬಂದರು. "ಏನಾಯ್ತು? ಗಜ ಯಾರ್ ಬಿಟ್ರು ಒಳ್ಗೆ?" ಎಂದು ಅತ್ತೆ ಗಾಬರಿಯಿಂದ ಕೇಳಿದರು. ನಾನು ಬಾಯಿ ತೆರೆದೆ. ಆ ಒಂದು ವರ್ಷದ ಉರಿಯೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಾವ ನನ್ನ ಕಡೆ ನೋಡಿದರು, ಒಂದೇ ಒಂದು ನೋಟ. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ನಾನೇ ಕಣೆ. ಮರೆವು. ಕಣ್ಣೂ ಮಂಜು" ಎಂದರು ಮಾವ.

ಮಾವ ಮುಖ ತೊಳೆಯಲು ಬಚ್ಚಲಿಗೆ ಹೋದಾಗ ನಾನು ನೀರು ಹಾಕುತ್ತಾ ಕೇಳಿಯೇಬಿಟ್ಟೆ. "ಯಾಕ್ ಮಾವ ಸುಳ್ಳೇಳಿದ್ರಿ? ಭಾವಾನೇ ಅಲ್ವಾ ಬಿಟ್ಟಿದ್ದು?"

"ಒಡ್ಯೋನು ನೋಡ್ಕಂಡ್ ಒಡೀಬೇಕು. ಕೈಗೆ ಬಂದ್ ಮ್ಯಾಲೆ ಅದು ನಂದೇ ತಪ್ಪು" ಎಂದರು. ಮುಖ ಒರೆಸಿಕೊಂಡು ಮತ್ತೆ ಹೇಳಿದರು. "ಮೊದಲ್ನೇ ಸಲ ಕೋವಿ ಮುಟ್ಟವ್ನೆ. ಎಷ್ಟ್ ಕುಸಿಯಾಗಿದ್ದ ನೋಡ್ದಾ? ಊರಲ್ಲಿ ಅವನ ಮಾನ ತೆಗೀಬ್ಯಾಡ." ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟೆ.

ಮರಳುವಾಗ ದಾರಿಯಲ್ಲಿ ಸಿಗ್ನಲ್ ಬಂದು ಫೋನು ಒಂದೇ ಸಮನೆ ಬಡಿದುಕೊಂಡರೂ ಭಾವ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಕಥೆ ಅತ್ತೆಯ ಬಾಯಿಂದ ಹೊರಟು ಮನೆ ಮನೆ ತಿರುಗಿತು. ಮಾವ ಅರಳಿಕಟ್ಟೆಯ ಕಡೆ ಹೋದರೆ ಸಾಕು, "ಏನ್ ಗೌಡ್ರೇ, ಬೆರ್ಚಪ್ಪನ ಬೇಟೆ ಎಂಗಾಯ್ತು? ಬಾಡು ಮೆತ್ತಗಿತ್ತಾ?" ಎಂದು ಬೆದರುಬೊಂಬೆಯ ಹೆಸರೆತ್ತಿ ರೇಗಿಸುವವರೇ. ಮಾವ ತಾವೂ ನಕ್ಕು, ಗಜ ಹೇಗೆ ಹಾರಿತೆಂದು ಕೈಯಾಡಿಸಿ ತೋರಿಸಿ, ಅವರನ್ನು ಇನ್ನಷ್ಟು ನಗಿಸುತ್ತಿದ್ದರು. ಆದರೆ ಮನೆಯಲ್ಲಿ ನಗುತ್ತಿರಲಿಲ್ಲ. ಯುಗಾದಿ ಹತ್ತಿರವಾಯಿತು. ಬಾಡಿಗೆ ಮನೆಯ ಗಾರೆ ಕೆಲಸದವರಲ್ಲೊಬ್ಬ ಬಂದು, "ಈ ಸಲಾನೂ ಕೋವಿ ಊಟ ಐತೇನ್ರೀ ಯಜಮಾನ್ರೇ? ಊರಿಗೆ ಹೋಗೂದು ಮುಂದ್ಹಾಕೀವಿ" ಎಂದು ಕೇಳಿದ. ಮಾವ ಎದ್ದು ಒಳಗೆ ಬಂದು ಕೂತರು. ನನಗೆ ಅಳುವೇ ಬಂತು. ನೀವೇ ನಿಜ ಒಪ್ಪಿಕೊಳ್ಳಿ ಎಂದುಬಿಡೋಣವೆಂದು ನಾಲ್ಕಾರು ಸಲ ಚಪ್ಪಲಿ ಮೆಟ್ಟಿ ಭಾವನ ಮನೆಯ ಕಡೆ ಹೊರಟು, ಕೊಟ್ಟ ಮಾತಿಗೆ ಕಟ್ಟುಬಿದ್ದು ವಾಪಸಾದೆ. ನನ್ನಂಥ ಬಾಯಿಬಡುಕಿಗೆ ಅದು ಎಂಥ ಶಿಕ್ಷೆಯೆಂದು ನನಗೇ ಗೊತ್ತು.

ಹೊಸತೊಡಕಿನ ಬೆಳಗ್ಗೆ ಕೋವಿ ಮನೆಯಲ್ಲೇ ಇತ್ತು. ಆದರೂ ಮಾವ ಅದನ್ನು ಗೂಟದಿಂದ ಇಳಿಸಲಿಲ್ಲ. ಬರಿಗೈಯಲ್ಲಿ ಬಂದು ಎಲ್ಲರ ಹಿಂದೆ ನಿಂತರು. ತೆಂಗಿನ ಗರಿಗಳ ಮೇಲೆ ಗುಡ್ಡೆ ಸಾಲಾಗಿ ಎದ್ದಿತ್ತು. ಮನೆಗೊಂದು, ಅಷ್ಟೇ. ಹೆಚ್ಚಿನ ಗುಡ್ಡೆ ಇರಲಿಲ್ಲ. ಮಾವ ಗುಡ್ಡೆಗಳನ್ನು ಎಣಿಸಿ ನೋಡಿ ತಲೆ ತಗ್ಗಿಸಿದ್ದನ್ನು ನಾನು ಕಂಡೆ.

ಇನ್ನು ಗುಡ್ಡೆ ಕೂಗುವುದು. ಯಾರಿಗೆ ಮೂಳೆ ಬಂತು, ಯಾರಿಗೆ ತೊಡೆ ಬಂತು ಎಂಬ ಜಗಳ ಬೇಡವೆಂದು ನಮ್ಮಲ್ಲಿ ಒಬ್ಬರು ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಇನ್ನೊಬ್ಬರು ಒಂದೊಂದೇ ಗುಡ್ಡೆ ಮುಟ್ಟಿ "ಇದ್ಯಾರ್ಗೆ?" ಎನ್ನುತ್ತಾರೆ. ಬೆನ್ನು ಮಾಡಿದವರ ಬಾಯಿಗೆ ಯಾವ ಮನೆಯ ಹೆಸರು ಬಂತೋ ಗುಡ್ಡೆ ಆ ಮನೆಯದು. ಅಲ್ಲಿ ಕೂಗಿದ್ದನ್ನು ಯಾರೂ ಬದಲಾಯಿಸುವಂತಿಲ್ಲ. ಆ ವರ್ಷ ಬೆನ್ನು ಮಾಡಿ ನಿಂತವರು ಭಾವ.

"ಇದ್ಯಾರ್ಗೆ?"

"ಬಾವಿ ಮನೆಗೆ."

"ಇದ್ಯಾರ್ಗೆ?"

"ಚಿಕ್ಕಪ್ಪನ ಮನೆಗೆ." ನಮ್ಮ ಗುಡ್ಡೆಯನ್ನು ನಾನು ಪಾತ್ರೆಗೆ ತುಂಬಿಕೊಂಡೆ.

ಹೀಗೆ ಒಂದೊಂದಾಗಿ ಗುಡ್ಡೆಗಳು ಕರಗಿ, ಕೊನೆಯದೊಂದು ಉಳಿಯಿತು. ಕೂಗದೆ ಉಳಿದದ್ದು ಭಾವನ ಮನೆ ಒಂದೇ. ಅವರ ಹೆಂಡತಿ ಆಗಲೇ ಪಾತ್ರೆ ಹಿಡಿದು ಮುಂದೆ ಬಂದಿದ್ದರು.

"ಇದ್ಯಾರ್ಗೆ?"

ಭಾವ ಬೆನ್ನು ತಿರುಗಿಸಿಕೊಂಡೇ, ಎಲ್ಲರಿಗೂ ಕೇಳುವಂತೆ ಕೂಗಿದರು.

"ಕೋವಿಗೆ!"

ಪಾತ್ರೆ ಹಿಡಿದ ಅವರ ಹೆಂಡತಿ ಅಲ್ಲೇ ನಿಂತರು. "ಅಯ್ಯೋ, ನಮ್ಮನೇದೆಲ್ಲಿ ಹಂಗಾದ್ರೆ?"

"ನಮ್ಮನೇದಿಲ್ಲ ಈ ಸಲ" ಎಂದು ಭಾವ ಈ ಕಡೆ ತಿರುಗಿದರು. ಅವರ ಕಣ್ಣು ಜನರ ನಡುವೆ ಹುಡುಕಿ ಮಾವನ ಮೇಲೆ ನಿಂತಿತು. "ಗಜ ಒಳಗೆ ಬಿಟ್ಟಿದ್ದು ಚಿಕ್ಕಪ್ಪ ಅಲ್ಲ, ನಾನು. ಕುಣೀತಲ್ಲ ಅನ್ನೋ ಖುಷೀಲಿ ತೆಗೆಯೋದೇ ಮರ್ತೆ. ಇಲ್ಲಾಂದಿದ್ರೆ ಆ ಹಂದಿ ಬಿದ್ದೇ ಬೀಳ್ತಿತ್ತು."

ಸದಾ ಹತ್ತು ಜನರ ಎದುರು ಬೇರೆಯವರಿಗೆ ಲೆಕ್ಕ ಕೇಳುತ್ತಿದ್ದ ಮನುಷ್ಯ ಆ ಹತ್ತು ಜನರ ಎದುರೇ ತನ್ನ ಲೆಕ್ಕ ಒಪ್ಪಿಸಿದ್ದರು. ವರ್ಷವಿಡೀ ಅವರ ಮೇಲೆ ಸಾಕಿಕೊಂಡಿದ್ದ ನನ್ನ ಸಿಟ್ಟು ಆ ಕ್ಷಣಕ್ಕೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ. ನನ್ನ ಪಕ್ಕದಲ್ಲಿ ಅತ್ತೆಯೂ ಒರೆಸಿಕೊಳ್ಳುತ್ತಿದ್ದರು.

ಮಾವ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಬಗ್ಗಿ, ಎರಡೂ ಕೈಯಲ್ಲಿ ಗರಿ ಸಮೇತ ಆ ಗುಡ್ಡೆಯನ್ನು ಎತ್ತಿಕೊಂಡರು. ಭಾವನ ಹೆಂಡತಿಯ ಕಡೆ ತಿರುಗಿದರು.

"ಆ ಪಾತ್ರೆ ಒಳಗಿಟ್ಟು ಮಕ್ಕಳನ್ನ ಕರ್ಕಂಡ್ ಬಾರಮ್ಮ. ಊರಲ್ಲಿ ಯಾರಿಗೆ ಪಾಲಿಲ್ವೋ ಅವ್ರಿಗೆಲ್ಲ ಇವತ್ತು ನಮ್ಮನೇಲಿ ಊಟ. ನಿನ್ ಗಂಡನ್ನ ಮೊದಲ್ನೇ ಎಲೆಗೆ ಕೂರ್ಸು."